ಮ್ಯಾಸಚೂಸೆಟ್ಸ್ 2006: ಇನ್ಶೂರೆನ್ಸ್ ಕೊಳ್ಳೋದು ಕಡ್ಡಾಯ, ಆಸ್ಪತ್ರೆ ರೇಟು ಅವರಿಷ್ಟ

ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ ಕಡೆ ಕೆಲಸಕ್ಕೆ ಹೋಗೋ ನಮ್ಮೋರಿಗೆ ಮೊದಲ ಸಲ ಜನವರಿ ಕೊನೆಗೆ 1099-ಎಚ್‌ಸಿ ಅಂತ ಒಂದು ಫಾರ್ಮ್ ಬರತ್ತೆ. ಟೆಕ್ಸಾಸಲ್ಲೋ ಜಾರ್ಜಿಯಾದಲ್ಲೋ ಇದ್ದು ಬಂದವರು ಇದ್ಯಾವ್ದಪ್ಪಾ ಹೊಸದು ಅಂತ ತಿರುಗಿಸಿ ಮುರುಗಿಸಿ ನೋಡ್ತಾರೆ. ವರ್ಷದಲ್ಲಿ ಯಾವ್ಯಾವ ತಿಂಗಳು ನಿಮಗೆ ಹೆಲ್ತ್ ಇನ್ಶೂರೆನ್ಸ್ ಇತ್ತು ಅಂತ ಇನ್ಶೂರೆನ್ಸ್ ಕಂಪನಿ ಕೊಡೋ ಲೆಕ್ಕ ಅದು, ಅದನ್ನ ನೋಡ್ಕೊಂಡು ರಾಜ್ಯದ ಟ್ಯಾಕ್ಸ್ ರಿಟರ್ನ್ ಜೊತೆ ಶೆಡ್ಯೂಲ್ ಎಚ್‌ಸಿ ತುಂಬಬೇಕು, ನಿಮ್ಮ ಆದಾಯಕ್ಕೆ ನಿಲುಕೋ ಪ್ಲಾನ್ ಸಿಗ್ತಿದ್ರೂ ಮೂರು ತಿಂಗಳಿಗಿಂತ ಜಾಸ್ತಿ ಇನ್ಶೂರೆನ್ಸ್ ಇಲ್ದೆ ಇದ್ರೆ ದಂಡ. ಅಂದ್ರೆ ಖಾಸಗಿ ಕಂಪನಿ ಮಾರೋ ಪಾಲಿಸಿನ ಕೊಂಡ್ಕೊಳ್ಳಿಲ್ಲ ಅಂತ ಸರ್ಕಾರ ದಂಡ ಹಾಕತ್ತೆ.

ಕೇಳಿದ ತಕ್ಷಣ ಇದು ಎಡಪಂಥೀಯರ ಐಡಿಯಾ ಇರ್ಬೇಕು ಅನ್ಸತ್ತೆ. ಆದ್ರೆ ಇದನ್ನ 1989ರಲ್ಲಿ ಗಟ್ಟಿಯಾಗಿ ಮುಂದಿಟ್ಟಿದ್ದು ಹೆರಿಟೇಜ್ ಫೌಂಡೇಶನ್ನಿನ ಸ್ಟುವರ್ಟ್ ಬಟ್ಲರ್, ಹೆರಿಟೇಜ್ ಅಂದ್ರೆ ಅಮೆರಿಕದ ಬಲಪಂಥೀಯರ ದೊಡ್ಡ ಥಿಂಕ್ ಟ್ಯಾಂಕ್. 1993ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಹೆಲ್ತ್ ಇನ್ಶೂರೆನ್ಸ್ ಯೋಜನೆಗೆ ಎದುರಾಗಿ ರಿಪಬ್ಲಿಕನ್ ಸೆನೆಟರ್ ಜಾನ್ ಚೇಫಿ ತಂದ ಮಸೂದೆಲೂ ಇದೇ ಇತ್ತು. ಕೊನೆಗೆ ಇದನ್ನ ಕಾನೂನು ಮಾಡಿ ಸಹಿ ಹಾಕಿದ್ದು ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ, 2006ರ ಏಪ್ರಿಲ್ 12ಕ್ಕೆ, ಬಾಸ್ಟನ್ನಿನ ಫ್ಯಾನ್ಯುಯಿಲ್ ಹಾಲಲ್ಲಿ, ಡೆಮಾಕ್ರಟ್ ಸೆನೆಟರ್ ಟೆಡ್ ಕೆನೆಡಿ ಪಕ್ಕದಲ್ಲೇ ಇದ್ರು.

ಈ ಪ್ರಕರಣ ಯಾಕೆ ಎತ್ಕೊಂಡೆ ಅಂದ್ರೆ, 'ಮಾರ್ಕೆಟ್‌ಗೆ ಬಿಡಬೇಕಾ, ಸರ್ಕಾರ ಕಡ್ಡಾಯ ಮಾಡಬೇಕಾ' ಅಂತ ಜಗಳ ಆಡೋರು ಅವೆರಡೂ ಒಂದಕ್ಕೊಂದು ವೈರಿ ಅಂದ್ಕೊಂಡಿರ್ತಾರೆ. ಮ್ಯಾಸಚೂಸೆಟ್ಸಲ್ಲಿ ಕಡ್ಡಾಯ ತಂದಿದ್ದೇ ಖಾಸಗಿ ಇನ್ಶೂರೆನ್ಸ್ ಮಾರ್ಕೆಟ್ ಬದುಕಲಿ ಅಂತ. ನನ್ನ ತಕರಾರು ಬೇರೆ ಕಡೆ ಇದೆ: ಕಡ್ಡಾಯ ಬಿದ್ದಿದ್ದು ಕೊಳ್ಳೋರ ಮೇಲೆ ಮಾತ್ರ, ಆಸ್ಪತ್ರೆಗಳು ಹಾಕೋ ರೇಟಿನ ಮೇಲೆ ಒಂದು ಗೆರೇನೂ ಎಳೀಲಿಲ್ಲ, ಹಂಗೆ ಎಳೀದೇ ಇದ್ದಿದ್ದಕ್ಕೇ ಕಾನೂನು ಪಾಸಾಯ್ತು, ಮುಂದಿನ ತಲೆನೋವೆಲ್ಲ ಶುರುವಾಗಿದ್ದೂ ಅಲ್ಲಿಂದಲೇ.

ಮುಂಚೆ ಹೇಗಿತ್ತು

1986ರ ಫೆಡರಲ್ (ಅಂದ್ರೆ ಕೇಂದ್ರ ಸರ್ಕಾರದ) ಕಾನೂನೊಂದಿದೆ, ಎಮ್‌ಟಾಲಾ ಅಂತಾರೆ, ರೇಗನ್ ಕಾಲದ್ದು. ಎಮರ್ಜೆನ್ಸಿಗೆ ಬಂದ ರೋಗಿನ ದುಡ್ಡಿದ್ಯಾ ಇಲ್ವಾ ಅಂತ ಕೇಳಿ ವಾಪಸ್ ಕಳಿಸೋ ಹಾಗಿಲ್ಲ, ಪರೀಕ್ಷೆ ಮಾಡಿ ಅಪಾಯದಿಂದ ಪಾರು ಮಾಡ್ಲೇಬೇಕು. ಒಳ್ಳೇ ಕಾನೂನೇ, ಆದ್ರೆ ಖರ್ಚು ಯಾರು ಕೊಡ್ತಾರೆ ಅಂತ ಅದರಲ್ಲಿ ಇಲ್ಲ. ಮ್ಯಾಸಚೂಸೆಟ್ಸಲ್ಲಿ ಇದಕ್ಕೆ ಅಂತ 1985ರಿಂದಲೇ ಒಂದು ನಿಧಿ ಇತ್ತು, ಜನ ಫ್ರೀ ಕೇರ್ ಪೂಲ್ ಅಂತಿದ್ರು, ಆಸ್ಪತ್ರೆಗಳು ಇನ್ಶೂರೆನ್ಸ್ ಕಂಪನಿಗಳು ಸರ್ಕಾರ ಮೂವರೂ ಅದಕ್ಕೆ ದುಡ್ಡು ಹಾಕ್ತಿದ್ರು, ಅಂದ್ರೆ ಸುತ್ತಿ ಬಳಸಿ ಇನ್ಶೂರೆನ್ಸ್ ಇದ್ದವರ ಜೇಬಿಂದಲೇ ಇಲ್ಲದವರ ಬಿಲ್ ತೀರ್ತಿತ್ತು. ರಾಮ್ನಿ ಹಿಡ್ಕೊಂಡಿದ್ದು ಈ ಎಳೇನೇ. ಸಂಬಳ ಚೆನ್ನಾಗಿದ್ರೂ ಇನ್ಶೂರೆನ್ಸ್ ತಗೊಳ್ಳದೆ, ಏನಾದ್ರೂ ಆದ್ರೆ ಎಮರ್ಜೆನ್ಸಿಗೆ ಹೋದ್ರಾಯ್ತು ಅನ್ನೋರು ಬೇರೆಯವರ ಖರ್ಚಲ್ಲಿ ಬದುಕ್ತಿದಾರೆ, ಅದು ಸ್ವಾತಂತ್ರ್ಯ ಅಲ್ಲ, ಪ್ರತಿಯೊಬ್ಬರೂ ತಮ್ಮ ಹೊಣೆ ತಾವು ಹೊರ್ಬೇಕು ಅನ್ನೋದು ಅವರ ವಾದ. ಕೇಳೋಕೆ ಪಕ್ಕಾ ಕನ್ಸರ್ವೇಟಿವ್ ಮಾತು.

ಇನ್ನೊಂದು ಸಮಸ್ಯೆ ಇತ್ತು, ಅದು ಅಷ್ಟಾಗಿ ಕಣ್ಣಿಗೆ ಬೀಳಲ್ಲ. 1990ರ ದಶಕದಲ್ಲೇ ಈ ರಾಜ್ಯ ಇನ್ಶೂರೆನ್ಸ್ ಕಂಪನಿಗಳಿಗೆ ಒಂದು ನಿಯಮ ಹಾಕಿತ್ತು, ಕಾಯಿಲೆ ಇದೆ ಅಂತ ಯಾರಿಗೂ ಪಾಲಿಸಿ ನಿರಾಕರಿಸೋ ಹಾಗಿಲ್ಲ, ಕಾಯಿಲೆ ಇರೋರಿಗೆ ಜಾಸ್ತಿ ಪ್ರೀಮಿಯಂ ಹಾಕೋ ಹಾಗೂ ಇಲ್ಲ. ಆದ್ರೆ ಎಲ್ಲರೂ ತಗೋಬೇಕು ಅನ್ನೋ ನಿಯಮ ಇರ್ಲಿಲ್ಲ. ಆಗ ಏನಾಗತ್ತೆ? ಮನೆಗೆ ಬೆಂಕಿ ಬಿದ್ಮೇಲೆ ಬಾವಿ ತೋಡಿದ್ರೂ ನೀರು ಗ್ಯಾರಂಟಿ ಅಂತಾದ್ರೆ ಮುಂಚೆ ಯಾರು ತೋಡ್ತಾರೆ? ಗಟ್ಟಿಮುಟ್ಟಾಗಿರೋ ಹುಡುಗರು ಹೊರಗುಳೀತಾರೆ, ಕಾಯಿಲೆಯವರು ಸೇರ್ತಾರೆ, ಪ್ರೀಮಿಯಂ ಏರತ್ತೆ, ಏರಿದ್ದಕ್ಕೆ ಇನ್ನಷ್ಟು ಆರೋಗ್ಯವಂತರು ಬಿಟ್ಟು ಹೋಗ್ತಾರೆ, ಮತ್ತೆ ಏರತ್ತೆ. ಕಂಪನಿ ಮೂಲಕ ಸಿಗದೆ ತಾವೇ ಸ್ವಂತ ಪಾಲಿಸಿ ಕೊಳ್ಳೋರ ಮಾರ್ಕೆಟ್ ಅಲ್ಲಿ ಹೀಗೆ ಸೊರಗಿ ಹೋಗಿತ್ತು, ಇದ್ದ ಸ್ವಲ್ಪ ಜನಕ್ಕೂ ರೇಟು ಕೇಳಿದ್ರೆ ಎದೆ ಒಡ್ಕೊಳ್ಳೋ ಹಾಗಿತ್ತು.

ನಿಯಮ ಯಾಕೆ ಹಾಕಬೇಕಿತ್ತು, ಮಾರ್ಕೆಟ್‌ನ ಅದರ ಪಾಡಿಗೆ ಬಿಡಬಹುದಿತ್ತಲ್ಲ ಅಂದ್ರೆ, ಬಿಟ್ರೆ ಹೇಗಿರತ್ತೆ ಅಂತ ಅಪ್ಪ ಅಮ್ಮನ್ನ ಆರು ತಿಂಗಳಿಗೆ ಅಮೆರಿಕಕ್ಕೆ ಕರೆಸ್ಕೊಂಡವರಿಗೆಲ್ಲ ಗೊತ್ತು. ವಿಸಿಟರ್ ಇನ್ಶೂರೆನ್ಸ್ ಹುಡುಕ್ತಾ ಕೂತ್ರೆ ಬಹುತೇಕ ಪ್ಲಾನ್‌ಗಳಲ್ಲಿ ಮೊದಲೇ ಇದ್ದ ಬಿಪಿ, ಶುಗರ್, ಹಾರ್ಟ್ ತೊಂದರೆಗೆ ಕವರ್ ಇಲ್ಲ, ಇದ್ರೂ ಹತ್ತು ಕಂಡೀಷನ್ನು, ವಯಸ್ಸು ಹೆಚ್ಚಾದಷ್ಟೂ ರೇಟು ಮೇಲೆ. ಯಾರಿಗೆ ನಿಜವಾಗ್ಲೂ ಬೇಕೋ ಅವರಿಗೆ ಸಿಗಲ್ಲ. ಇದರಲ್ಲಿ ಕಂಪನಿಯವರದ್ದೇ ಕೆಟ್ಟತನ ಅಂತ ಹೇಳೋಕೂ ಆಗಲ್ಲ, ಆ ವ್ಯಾಪಾರದ ಲೆಕ್ಕವೇ ಹಾಗೆ.

ಮೂರು ಕಡೆಯಿಂದ ಒತ್ತಡ

ಕಾನೂನು ಬರೋಕೆ ಬರೀ ಐಡಿಯಾ ಸಾಕಾಗಲ್ಲ. ಇದೇ ರಾಜ್ಯದಲ್ಲಿ 1988ರಲ್ಲಿ ಗವರ್ನರ್ ಮೈಕಲ್ ಡುಕಾಕಿಸ್ ಎಲ್ಲರಿಗೂ ಇನ್ಶೂರೆನ್ಸ್ ಅಂತ ಸಹಿ ಹಾಕಿದ್ರು, ಅದರಲ್ಲಿ ಹೊರೆ ಎಲ್ಲ ಕಂಪನಿ ಮಾಲೀಕರ ಮೇಲಿತ್ತು, ಬಿಸಿನೆಸ್‌ನವರು ಗಲಾಟೆ ಮಾಡಿದ್ರು, ಆರ್ಥಿಕ ಹಿಂಜರಿತ ಬಂತು, ಜಾರಿಗೇ ಬರದೆ ಸತ್ತುಹೋಯ್ತು. ಆ ನೆನಪು 2005ರಲ್ಲೂ ಎಲ್ಲರಿಗೂ ಹಸಿಯಾಗಿತ್ತು.

ಈ ಸಲ ಮೂರು ವಿಷಯ ಒಟ್ಟಿಗೆ ಕೂಡಿ ಬಂತು. ಮೊದಲನೇದು ಫೆಡರಲ್ ದುಡ್ಡು. ಮೆಡಿಕೇಡ್ ಅಂದ್ರೆ ಬಡವರಿಗೆ ಅಂತ ಇರೋ ಸರ್ಕಾರಿ ಇನ್ಶೂರೆನ್ಸ್. ಮೆಡಿಕೇಡ್‌ನ ವಿಶೇಷ ಅನುಮತಿ ಅಡಿಲಿ ರಾಜ್ಯಕ್ಕೆ ವರ್ಷಕ್ಕೆ ಸುಮಾರು 38.5 ಕೋಟಿ ಡಾಲರ್ ಬರ್ತಿತ್ತು, ಬಹಳಷ್ಟು ಬಡವರನ್ನ ನೋಡೋ ಆಸ್ಪತ್ರೆಗಳಿಗೆ ಹೋಗ್ತಿತ್ತು. ಬುಶ್ ಸರ್ಕಾರ ಅಂತು, ಆಸ್ಪತ್ರೆಗೆ ಕೊಡೋ ಬದಲು ಅದೇ ದುಡ್ಡಲ್ಲಿ ಜನಕ್ಕೆ ಇನ್ಶೂರೆನ್ಸ್ ಕೊಡೋ ಪ್ಲಾನ್ ತನ್ನಿ, ಇಲ್ಲಾಂದ್ರೆ ನಿಲ್ಲಿಸ್ತೀವಿ. ನನ್ನ ಕೇಳಿದ್ರೆ ಇಡೀ ಕಥೆಲಿ ಎಲ್ಲಕ್ಕಿಂತ ಗಟ್ಟಿ ಕಾರಣ ಇದೇ, ಯಾವ ರಾಜ್ಯಾನೂ ಅಷ್ಟು ದುಡ್ಡನ್ನ ಕೈಯಾರೆ ಬಿಡಲ್ಲ. ಎರಡನೇದು, ಹೆಲ್ತ್ ಕೇರ್ ಫಾರ್ ಆಲ್ ಅನ್ನೋ ಸಂಘಟನೆ, ಚರ್ಚು ಸಿನಗಾಗುಗಳ ಒಕ್ಕೂಟ ಎಲ್ಲ ಸೇರಿ ಸಹಿ ಸಂಗ್ರಹ ಮಾಡಿ, ಶಾಸಕರು ಏನೂ ಮಾಡದಿದ್ರೆ ನೇರ ಜನಮತಕ್ಕೇ ಹೋಗ್ತೀವಿ ಅಂತ ಹೆದರಿಸಿದ್ರು, ಅವರ ಪ್ರಸ್ತಾವದಲ್ಲಿ ಮಾಲೀಕರ ಮೇಲೆ ತೆರಿಗೆ ಇತ್ತು, ಅದಕ್ಕಿಂತ ರಾಜಿ ವಾಸಿ ಅಂತ ಬಿಸಿನೆಸ್‌ನವರು ಮಾತುಕತೆಗೆ ಬಂದ್ರು. ಮೂರನೇದು ರಾಮ್ನಿಯವರ ವೈಟ್ ಹೌಸ್ ಕನಸು, ಅದನ್ನ ವಿವರಿಸೋದು ಬೇಡ.

ರಾಜ್ಯದ ಹೌಸ್ ಸ್ಪೀಕರ್ ಸಾಲ್ವಟೋರ್ ಡಿಮಾಸಿಗೆ ಮಾಲೀಕರ ಮೇಲೆ ಪೇರೋಲ್ ತೆರಿಗೆ (ಅವರು ಕೊಡೋ ಸಂಬಳದ ಲೆಕ್ಕದ ಮೇಲೆ ತೆರಿಗೆ) ಬೇಕಿತ್ತು, ಸೆನೆಟ್ ಅಧ್ಯಕ್ಷ ರಾಬರ್ಟ್ ಟ್ರಾವಗ್ಲಿನಿ ಬೇಡ ಅಂತಿದ್ರು, ತಿಂಗಳುಗಟ್ಟಲೆ ಜಗ್ಗಾಟ. ಕೊನೆಗೆ ಬಂದ ರಾಜಿ: 11 ಅಥವಾ ಜಾಸ್ತಿ ಜನ ಕೆಲಸ ಮಾಡೋ ಕಂಪನಿ ಇನ್ಶೂರೆನ್ಸ್‌ಗೆ ಸರಿಯಾದ ಪಾಲು ಕೊಡದಿದ್ರೆ ಒಬ್ಬ ಕೆಲಸಗಾರನಿಗೆ ವರ್ಷಕ್ಕೆ 295 ಡಾಲರ್. ಒಂದು ಕುಟುಂಬದ ಪ್ರೀಮಿಯಂ ಮುಂದೆ 295 ಏನೇನೂ ಅಲ್ಲ. ಅದನ್ನೂ ರಾಮ್ನಿ ವೀಟೋ ಮಾಡಿದ್ರು, ಶಾಸಕಾಂಗ ವೀಟೋನ ತಳ್ಳಿಹಾಕ್ತು.

ಏನು ಮಾಡಿದ್ರು

ಮೂರು ಭಾಗ, ಒಂದಿಲ್ಲದಿದ್ರೆ ಇನ್ನೊಂದು ನಿಲ್ಲಲ್ಲ. ಕಂಪನಿಗಳು ಎಲ್ಲರನ್ನೂ ಸೇರಿಸ್ಕೋಬೇಕು (ಇದು ಆಗ್ಲೇ ಇತ್ತು). ಹಾಗಾಗಿ ಎಲ್ಲರೂ ಸೇರ್ಬೇಕು, ಅದು ಮ್ಯಾಂಡೇಟ್. ಸೇರೋಕೆ ದುಡ್ಡಿಲ್ಲದವರಿಗೆ ಸರ್ಕಾರ ಸಬ್ಸಿಡಿ ಕೊಡಬೇಕು. ಈ ಲೆಕ್ಕಾಚಾರಕ್ಕೆ ಎಂಐಟಿಯ ಅರ್ಥಶಾಸ್ತ್ರಜ್ಞ ಜೊನಾಥನ್ ಗ್ರೂಬರ್ ಕೂತು, ಮ್ಯಾಂಡೇಟ್ ಇದ್ರೆ ಎಷ್ಟು ಜನ ಸೇರ್ತಾರೆ, ಇಲ್ದಿದ್ರೆ ಎಷ್ಟು ಅಂತ ಮಾಡೆಲ್ ಮಾಡಿ ಕೊಟ್ಟಿದ್ರು.

ಮಾರಾಟಕ್ಕೆ ಕನೆಕ್ಟರ್ ಅಂತ ಸರ್ಕಾರದ ಒಂದು ಸಂಸ್ಥೆ ಮಾಡಿದ್ರು. ಇನ್ಶೂರೆನ್ಸ್ ಸರ್ಕಾರದ್ದಲ್ಲ, ಖಾಸಗಿ ಕಂಪನಿಗಳದ್ದೇ, ಆದ್ರೆ ಬ್ರಾಂಜ್ ಸಿಲ್ವರ್ ಗೋಲ್ಡ್ ಅಂತ ದರ್ಜೆ ಮಾಡಿ ಒಂದೇ ಕಡೆ ಜೋಡಿಸಿಟ್ಟು ಹೋಲಿಸಿ ನೋಡೋ ಹಾಗೆ ಮಾಡಿದ್ರು. ಆದಾಯ ಬಡತನ ರೇಖೆಯ ಮೂರು ಪಟ್ಟಿಗಿಂತ ಕಮ್ಮಿ ಇದ್ರೆ, ಅಂದ್ರೆ 2007ರ ಲೆಕ್ಕದಲ್ಲಿ ಒಬ್ಬರಿಗೆ ಸುಮಾರು 30,600 ಡಾಲರ್, ಕಾಮನ್‌ವೆಲ್ತ್ ಕೇರ್ ಅನ್ನೋ ಸಬ್ಸಿಡಿ ಪ್ಲಾನ್, ತೀರಾ ಬಡವರಿಗೆ ಪ್ರೀಮಿಯಮ್ಮೇ ಇಲ್ಲ. ಜೊತೆಗೆ ಸ್ವಂತ ಪಾಲಿಸಿ ಕೊಳ್ಳೋರನ್ನೂ ಸಣ್ಣ ಕಂಪನಿಯವರನ್ನೂ 2007ರ ಜುಲೈಲಿ ಒಂದೇ ಗುಂಪಿಗೆ ಹಾಕಿದ್ರು. ಇದರಿಂದ ಸ್ವಂತ ಕೊಳ್ಳೋರ ಪ್ರೀಮಿಯಂ ಚೆನ್ನಾಗೇ ಇಳೀತು, ಸಣ್ಣ ಅಂಗಡಿ ಇಟ್ಕೊಂಡೋರ ಪ್ರೀಮಿಯಂ ಸ್ವಲ್ಪ ಏರಿತು, ಅವರಿಗೆ ಆ ಸಿಟ್ಟು ಹೋಗ್ಲೇ ಇಲ್ಲ.

ಮ್ಯಾಂಡೇಟ್ 2007ರ ಜುಲೈ 1ಕ್ಕೆ ಶುರು. ಮೊದಲ ವರ್ಷದ ದಂಡ ಅಂದ್ರೆ ರಾಜ್ಯ ತೆರಿಗೆಲಿ ಸಿಗೋ ವೈಯಕ್ತಿಕ ವಿನಾಯಿತಿ ಹೋಗತ್ತೆ, ಅದರ ಬೆಲೆ 219 ಡಾಲರ್. 2008ರಿಂದ ಇನ್ಶೂರೆನ್ಸ್ ಇಲ್ಲದ ತಿಂಗಳ ಲೆಕ್ಕ, ಆ ವರ್ಷ ಜಾಸ್ತಿ ಅಂದ್ರೆ 912 ಡಾಲರ್ ಇತ್ತು. ಬಡತನ ರೇಖೆಯ ಒಂದೂವರೆ ಪಟ್ಟಿನೊಳಗೆ ಇರೋರಿಗೆ ದಂಡ ಇಲ್ಲ. ಕೈಗೆಟುಕೋದು ಅಂದ್ರೆ ಎಷ್ಟು ಅಂತ ಕನೆಕ್ಟರ್‌ನ ಬೋರ್ಡ್ ಪ್ರತಿ ವರ್ಷ ಆದಾಯದ ಪ್ರಕಾರ ಒಂದು ಪಟ್ಟಿ ಮಾಡತ್ತೆ, ಅಷ್ಟರಲ್ಲಿ ಪ್ಲಾನ್ ಸಿಗದಿದ್ರೆ ದಂಡ ಕೇಳಲ್ಲ. ಇದು ಚಿಕ್ಕ ವಿಷಯ ಅನ್ಸಬಹುದು, ಆದ್ರೆ ಜನ ಮ್ಯಾಂಡೇಟ್ ಒಪ್ಕೊಂಡಿದ್ದಕ್ಕೆ ಈ ಪಟ್ಟಿ ಬಹಳ ಮುಖ್ಯ ಅಂತ ನನಗನ್ಸತ್ತೆ, ಸಿಗದ್ದನ್ನ ತಗೋ ಅಂತ ಯಾರಿಗೂ ಹೇಳಿದ ಹಾಗಾಗಲಿಲ್ಲ.

ಪ್ರಚಾರಕ್ಕೆ ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ಟೀಮನ್ನೇ ಹಿಡ್ಕೊಂಡು ಬಂದ್ರು. ಇನ್ಶೂರೆನ್ಸ್ ಬೇಡ ಅನ್ನೋ ಇಪ್ಪತ್ತು ಮೂವತ್ತರ ಹುಡುಗರು ಕೂರೋದೆಲ್ಲಿ, ಫೆನ್‌ವೇ ಪಾರ್ಕಲ್ಲಿ, ಸರಿ ಅಲ್ಲಿಗೇ ಹೋಗೋಣ ಅಂತ. ಆ ವರ್ಷ ರೆಡ್ ಸಾಕ್ಸ್ ವರ್ಲ್ಡ್ ಸೀರೀಸ್ ಬೇರೆ ಗೆದ್ದುಬಿಡ್ತು.

ಏನಾಯ್ತು

ಎರಡು ವರ್ಷದಲ್ಲಿ 4 ಲಕ್ಷದಷ್ಟು ಜನ ಹೊಸದಾಗಿ ಇನ್ಶೂರೆನ್ಸ್ ಒಳಗೆ ಬಂದ್ರು, ರಾಜ್ಯದ ಜನಸಂಖ್ಯೆ ಆಗ ಸುಮಾರು 64 ಲಕ್ಷ. ರಾಜ್ಯದ ಸರ್ವೆ ಪ್ರಕಾರ ಇನ್ಶೂರೆನ್ಸ್ ಇಲ್ಲದವರು 6 ಪರ್ಸೆಂಟ್ ಆಸುಪಾಸಿಂದ 2010ರ ಹೊತ್ತಿಗೆ 2 ಪರ್ಸೆಂಟಿಗೆ ಇಳಿದ್ರು, ದೇಶದಲ್ಲೇ ಕಮ್ಮಿ. ಕಂಪನಿಗಳು ಸರ್ಕಾರಾನೇ ನೋಡ್ಕೊಳ್ಳತ್ತೆ ಅಂತ ಇನ್ಶೂರೆನ್ಸ್ ಕೊಡೋದು ನಿಲ್ಲಿಸಿಬಿಡ್ತಾವೆ ಅನ್ನೋ ಭಯ ಇತ್ತು, ಅದು ಆಗಲಿಲ್ಲ, ಕೊಡೋ ಕಂಪನಿಗಳು ಸ್ವಲ್ಪ ಜಾಸ್ತೀನೇ ಆದ್ವು. ಇಲ್ಲಿ ಒಂದು ಮಾತು ಹೇಳಿಬಿಡ್ಬೇಕು, ಇದು ಮೊದಲೇ ಶ್ರೀಮಂತ ರಾಜ್ಯ, ಕಂಪನಿ ಇನ್ಶೂರೆನ್ಸ್ ಮೊದಲೇ ಚೆನ್ನಾಗಿತ್ತು, ಕೈಲಿ ಫೆಡರಲ್ ದುಡ್ಡಿತ್ತು, ಟೆಕ್ಸಾಸಲ್ಲಿ ಇದನ್ನೇ ಮಾಡಿದ್ರೆ ಇಷ್ಟು ಸಲೀಸಾಗಿ ಆಗ್ತಿತ್ತು ಅಂತ ಯಾರೂ ಎದೆ ತಟ್ಟಿ ಹೇಳೋಕಾಗಲ್ಲ.

ಮ್ಯಾಂಡೇಟ್ ನಿಜವಾಗ್ಲೂ ಕೆಲಸ ಮಾಡ್ತಾ, ಇಲ್ಲ ಸಬ್ಸಿಡಿನೇ ಸಾಕಿತ್ತಾ? ಈ ಪ್ರಕರಣದ ಸ್ವಾರಸ್ಯ ಇಲ್ಲಿದೆ. ಸಬ್ಸಿಡಿ ಮೊದಲು ಬಂತು, ದಂಡ ಆಮೇಲೆ ಬಂತು, ಹಾಗಾಗಿ ಎರಡರ ಪರಿಣಾಮನೂ ಬೇರೆ ಬೇರೆ ನೋಡೋಕೆ ಆಯ್ತು. ಅಮಿತಾಭ್ ಚಂದ್ರ, ಗ್ರೂಬರ್, ರಾಬಿನ್ ಮೆಕ್‌ನೈಟ್ ಮೂವರೂ 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಇದನ್ನ ತೋರಿಸಿದ್ರು. ಶುರುನಲ್ಲಿ ಬರೀ ಸಬ್ಸಿಡಿ ಇದ್ದಾಗ ಸೇರಿದವರಲ್ಲಿ ದೀರ್ಘಕಾಲದ ಕಾಯಿಲೆ ಇರೋರು ಜಾಸ್ತಿ. 2007ರ ಕೊನೆಗೆ ದಂಡದ ಗಡುವು ಹತ್ರ ಬಂದಾಗ ದಡಬಡ ಅಂತ ಸೇರಿದವರಲ್ಲಿ ಆರೋಗ್ಯವಂತರು ಜಾಸ್ತಿ. ಅಂದ್ರೆ 219 ಡಾಲರ್ ದಂಡಕ್ಕೂ ಜನ ಓಗೊಟ್ರು, ಗುಂಪಿನ ಸರಾಸರಿ ಖರ್ಚು ಇಳೀತು. ಗ್ರೂಬರ್ ತಾವೇ ಡಿಸೈನಿಗೆ ಕೈ ಹಾಕಿದ್ದವರು, ತಮ್ಮ ಮಗುನ ತಾವೇ ಹೊಗಳ್ಕೊಂಡ್ರು ಅಂತ ಯಾರಾದ್ರೂ ಹೇಳಬಹುದು, ಆದ್ರೆ ಅವರು ಹೋಲಿಸಿ ನೋಡಿದ ರೀತಿ ಗಟ್ಟಿಯಾಗೇ ಇದೆ.

ಹಾಗಂತ ಆಟ ಆಡೋರು ಇರ್ಲಿಲ್ಲ ಅಂತಲ್ಲ. ದಂಡ ಪ್ರೀಮಿಯಂಗಿಂತ ಬಹಳ ಕಮ್ಮಿ ಇತ್ತಲ್ಲ, ಕೆಲವರು ಆಪರೇಷನ್ ಇದ್ದಾಗ ನಾಲ್ಕು ತಿಂಗಳು ಪಾಲಿಸಿ ಕೊಂಡು, ಕೆಲಸ ಮುಗಿದ್ಮೇಲೆ ಬಿಟ್ಟು ಹೋಗ್ತಿದ್ರು, ಇನ್ಶೂರೆನ್ಸ್ ಕಂಪನಿಗಳು ಲಬೋ ಲಬೋ ಅಂದ್ವು. ಅದಕ್ಕೆ 2010ರಲ್ಲಿ ರಾಜ್ಯ ಕಾನೂನು ತಿದ್ದಿ, ಸ್ವಂತ ಕೊಳ್ಳೋರು ಬೇಕಾದಾಗೆಲ್ಲ ಸೇರೋ ಹಾಗಿಲ್ಲ, ವರ್ಷದಲ್ಲಿ ಇಂಥ ಅವಧಿಲೇ ಸೇರ್ಬೇಕು ಅಂತ ಮಾಡ್ತು.

ಆರೋಗ್ಯ ಸುಧಾರಿಸ್ತಾ ಅನ್ನೋದಕ್ಕೆ 2014ರಲ್ಲಿ ಬೆಂಜಮಿನ್ ಸಾಮರ್ಸ್, ಶಾರನ್ ಲಾಂಗ್, ಕ್ಯಾಥರೀನ್ ಬೇಕರ್ ಮಾಡಿದ ಅಧ್ಯಯನ ಇದೆ. ಬೇರೆ ರಾಜ್ಯಗಳ ಅಂಥದೇ ಕೌಂಟಿಗಳ ಜೊತೆ ಹೋಲಿಸಿದ್ರೆ ಮ್ಯಾಸಚೂಸೆಟ್ಸಲ್ಲಿ ವಯಸ್ಕರ ಸಾವು 2.9 ಪರ್ಸೆಂಟ್ ಕಮ್ಮಿ ಆಗಿತ್ತು, ಅಂದ್ರೆ ಸುಮಾರು 830 ಜನಕ್ಕೆ ಇನ್ಶೂರೆನ್ಸ್ ಸಿಕ್ರೆ ವರ್ಷಕ್ಕೆ ಒಂದು ಜೀವ ಉಳೀತು. ಒಂದೇ ರಾಜ್ಯದ ಲೆಕ್ಕ, ಲಾಟರಿ ಎತ್ತಿ ಮಾಡಿದ ಪ್ರಯೋಗ ಅಲ್ಲ, ಅದಕ್ಕೇ ಅನುಮಾನ ಪಡೋರು ಇದ್ದಾರೆ. ನನಗೆ ಮಾತ್ರ ಇದು ಸಣ್ಣ ಸಂಖ್ಯೆ ಅಂತ ಅನ್ಸಲ್ಲ.

ಬೈದವರು ಯಾರ್ಯಾರು

ಎರಡೂ ಕಡೆಯಿಂದ ಬೈಗುಳ ಬಂತು, ಎರಡರಲ್ಲೂ ಹುರುಳಿತ್ತು. ಕೇಟೋ ಇನ್ಸ್ಟಿಟ್ಯೂಟಿನ ಲಿಬರ್ಟೇರಿಯನ್ನರು (ಸರ್ಕಾರದ ಕೈ ಆದಷ್ಟು ಕಮ್ಮಿ ಇರ್ಲಿ ಅನ್ನೋರು) ಹೇಳಿದ್ದು, ಕೊಳ್ಳೋದನ್ನ ಕಡ್ಡಾಯ ಮಾಡಿದ್ರೆ ಏನನ್ನ ಕೊಳ್ಳಬೇಕು ಅಂತಾನೂ ಸರ್ಕಾರವೇ ಹೇಳಬೇಕಾಗತ್ತೆ, ಅಲ್ಲಿಂದ ಅದು ಬೆಳೀತಾನೇ ಹೋಗತ್ತೆ. ಹಾಗೇ ಆಯ್ತು ನೋಡಿ. ಕನಿಷ್ಠ ಇಷ್ಟು ಕವರೇಜ್ ಇದ್ರೆ ಮಾತ್ರ ಲೆಕ್ಕಕ್ಕೆ ಅಂತ ನಿಯಮ ಬಂತು, 2009ರಿಂದ ಔಷಧಿ ಕವರ್ ಇರ್ಲೇಬೇಕು ಅಂತಾಯ್ತು, ಕಮ್ಮಿ ಪ್ರೀಮಿಯಂನ ಪುಟ್ಟ ಪಾಲಿಸಿ ಇಟ್ಕೊಂಡು ನೆಮ್ಮದಿಯಾಗಿದ್ದವರು ದೊಡ್ಡದಕ್ಕೆ ಹೋಗಬೇಕಾಯ್ತು. ಒಬ್ಬರ ರಕ್ಷಣೆ ಇನ್ನೊಬ್ಬರ ಜೇಬಿಗೆ ಭಾರ, ಇದಕ್ಕೆ ಸುಲಭದ ಉತ್ತರ ನನ್ನ ಹತ್ರ ಇಲ್ಲ. ಆದ್ರೆ ಆಸ್ಪತ್ರೆ ಬಿಲ್ ಬಂದ ದಿನ ಕೈ ಎತ್ತೋ ಪಾಲಿಸಿನ ಇನ್ಶೂರೆನ್ಸ್ ಅಂತ ಕರೆಯೋಕೂ ನನಗೆ ಮನಸ್ಸಿಲ್ಲ.

ಎಡದ ಕಡೆ ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲೇ ಇದ್ದ ಡಾಕ್ಟರುಗಳು ಡೇವಿಡ್ ಹಿಮೆಲ್‌ಸ್ಟೀನ್, ಸ್ಟೆಫಿ ವುಲ್‌ಹ್ಯಾಂಡ್ಲರ್. ಅವರ ವಾದ, ಸರ್ಕಾರವೇ ಎಲ್ಲರ ಬಿಲ್ ಕಟ್ಟೋ ವ್ಯವಸ್ಥೆ ತರೋದು ಬಿಟ್ಟು ಖಾಸಗಿ ಕಂಪನಿಗಳಿಗೆ ಗಿರಾಕಿ ಹಿಡ್ಕೊಟ್ರಿ, ಮೇಲೆ ಬಡವರನ್ನ ನೋಡ್ತಿದ್ದ ಆಸ್ಪತ್ರೆಗಳ ದುಡ್ಡು ಕಿತ್ಕೊಂಡ್ರಿ. ಇದೂ ಸುಳ್ಳಲ್ಲ. ಫ್ರೀ ಕೇರ್ ನಿಧಿಯ ದುಡ್ಡು ಸಬ್ಸಿಡಿಗೆ ಹೋಯ್ತಲ್ಲ, ಬಾಸ್ಟನ್ನಿನ ಬಡವರ ಆಸ್ಪತ್ರೆ ಬಾಸ್ಟನ್ ಮೆಡಿಕಲ್ ಸೆಂಟರ್ 2009ರಲ್ಲಿ ಮೆಡಿಕೇಡ್ ದರ ಸಾಲಲ್ಲ ಅಂತ ರಾಜ್ಯದ ಮೇಲೇ ಕೇಸು ಹಾಕ್ತು.

ವಲಸಿಗರ ವಿಷಯ ನಮ್ಮ ಕಡೆ ಯಾರೂ ಅಷ್ಟಾಗಿ ಮಾತಾಡಲ್ಲ, ಅದಕ್ಕೆ ಹೇಳ್ತೀನಿ. 2009ರಲ್ಲಿ ಬಜೆಟ್ ಕುಸಿದಾಗ ಮೊದಲು ಕತ್ತರಿ ಬಿದ್ದಿದ್ದು ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗದ ಕಾನೂನುಬದ್ಧ ವಲಸಿಗರಿಗೆ, ಸುಮಾರು 30 ಸಾವಿರ ಜನ. ಅವರಿಗೆ ಫೆಡರಲ್ ಪಾಲು ಬರಲ್ಲ ಅನ್ನೋದೇ ಕಾರಣ. ಅವರನ್ನ ಕಾಮನ್‌ವೆಲ್ತ್ ಕೇರ್‌ನಿಂದ ತೆಗೆದು ಕಮ್ಮಿ ಸೌಲಭ್ಯದ ಬೇರೆ ಪ್ಲಾನಿಗೆ ಹಾಕಿದ್ರು. ತೆರಿಗೆ ಕಟ್ಟು, ಸಬ್ಸಿಡಿ ಕೇಳಬೇಡ ಅಂದ ಹಾಗಾಯ್ತು. ರಾಜ್ಯದ ಸುಪ್ರೀಂ ಜುಡಿಶಿಯಲ್ ಕೋರ್ಟ್ 2012ರ ಜನವರಿಲಿ ಇದು ಸಮಾನತೆಗೆ ವಿರುದ್ಧ ಅಂತ ತೀರ್ಪು ಕೊಟ್ಮೇಲೆ ಅವರನ್ನ ವಾಪಸ್ ಸೇರಿಸ್ಕೊಂಡ್ರು.

ರೇಟಿನ ವಿಷಯ

ಈಗ ನನ್ನ ಅಸಲು ತಕರಾರಿಗೆ ಬರ್ತೀನಿ. 2006ರ ಕಾನೂನಲ್ಲಿ ಆಸ್ಪತ್ರೆಗಳಿಗೆ ಮೆಡಿಕೇಡ್ ದರ ಏರಿಕೆ ಕೊಟ್ಟಿದ್ರು, ಬದಲಿಗೆ ಅವರು ಹಾಕೋ ರೇಟಿನ ಬಗ್ಗೆ ಏನೂ ಕೇಳಿರ್ಲಿಲ್ಲ. ಮೊದಲು ಎಲ್ಲರೂ ಒಳಗೆ ಬರಲಿ, ಖರ್ಚಿನ ವಿಷಯ ಆಮೇಲೆ ನೋಡೋಣ ಅಂತ ತಿಳಿದೂ ತಿಳಿದೂ ಮುಂದೂಡಿದ್ರು, ರೇಟಿಗೆ ಕೈ ಹಾಕಿದ್ರೆ ಆಸ್ಪತ್ರೆಗಳು ಎದ್ದು ಹೋಗ್ತಿದ್ವು, ಕಾನೂನು ಡುಕಾಕಿಸ್ ಕಾನೂನಿನ ದಾರಿ ಹಿಡೀತಿತ್ತು.

ಬಾಸ್ಟನ್ನಲ್ಲಿ ಮ್ಯಾಸ್ ಜನರಲ್ ಮತ್ತೆ ಬ್ರಿಗಮ್ ಅಂಡ್ ವಿಮೆನ್ಸ್ ಅಂತ ಜಗತ್ತಿಗೇ ಹೆಸರಾದ ಎರಡು ಆಸ್ಪತ್ರೆ, 1994ರಲ್ಲಿ ಎರಡೂ ಸೇರಿ ಪಾರ್ಟ್‌ನರ್ಸ್ ಹೆಲ್ತ್‌ಕೇರ್ ಆದ್ವು, ಈಗ ಮ್ಯಾಸ್ ಜನರಲ್ ಬ್ರಿಗಮ್ ಅಂತಾರೆ. ಇವರಿಲ್ಲದ ಇನ್ಶೂರೆನ್ಸ್ ಪ್ಲಾನನ್ನ ಬಾಸ್ಟನ್ನಲ್ಲಿ ಯಾರು ಕೊಳ್ತಾರೆ? ಹಾಗಾಗಿ ರೇಟು ಮಾತಾಡೋಕೆ ಕೂತಾಗ ಜುಟ್ಟು ಯಾರ ಕೈಲಿರತ್ತೆ ಅಂತ ಹೇಳೋದೇ ಬೇಡ. 2008ರಲ್ಲಿ ಬಾಸ್ಟನ್ ಗ್ಲೋಬ್‌ನ ಸ್ಪಾಟ್‌ಲೈಟ್ ತಂಡ ಇದನ್ನ ಸರಣಿ ಮಾಡಿ ಬರೀತು. 2010ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಮಾರ್ಥಾ ಕೋಕ್ಲಿ ಆಸ್ಪತ್ರೆ, ಇನ್ಶೂರೆನ್ಸ್ ಕಂಪನಿಗಳ ನಡುವಿನ ಒಪ್ಪಂದಗಳನ್ನ ತರಿಸಿ ನೋಡಿ ವರದಿ ಕೊಟ್ರು: ಒಂದೇ ಚಿಕಿತ್ಸೆಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ರೇಟು ಅಷ್ಟೊಂದು ಬೇರೆ ಇರೋದಕ್ಕೆ ಗುಣಮಟ್ಟಾನೂ ಕಾರಣ ಅಲ್ಲ, ರೋಗಿಗಳ ಕಾಯಿಲೆಯ ತೀವ್ರತೆನೂ ಕಾರಣ ಅಲ್ಲ, ಮಾರ್ಕೆಟ್ಟಲ್ಲಿ ಯಾರ ಕೈ ಬಲವಾಗಿದೆ ಅನ್ನೋದೇ ಕಾರಣ. ಮಾರ್ಕೆಟ್ ಮಾರ್ಕೆಟ್ ಅಂತ ಜಪ ಮಾಡೋರು ಈ ವರದಿನ ಒಂದ್ಸಲ ಓದಬೇಕು. ಕೊಳ್ಳೋರ ನಡುವೆ ಸ್ಪರ್ಧೆ ತಂದ್ರೆ ಸಾಕಾಗಲ್ಲ, ಮಾರೋರಲ್ಲೂ ಸ್ಪರ್ಧೆ ಇರಬೇಕಲ್ವಾ.

ಅದೇ 2010ರ ಏಪ್ರಿಲ್‌ನಲ್ಲಿ ಸಣ್ಣ ಬಿಸಿನೆಸ್‌ಗಳ ಪ್ರೀಮಿಯಂ ಎಷ್ಟು ಏರಿತು ಅಂದ್ರೆ ಗವರ್ನರ್ ಡೆವಲ್ ಪ್ಯಾಟ್ರಿಕ್ ಸರ್ಕಾರ ಇನ್ಶೂರೆನ್ಸ್ ಕಂಪನಿಗಳು ಕೇಳಿದ 274 ಏರಿಕೆಗಳಲ್ಲಿ 235ನ್ನ ತಿರಸ್ಕರಿಸಿಬಿಡ್ತು. ಕಂಪನಿಗಳು ಕೋರ್ಟಿಗೆ ಹೋದ್ವು, ಆಮೇಲೆ ರಾಜಿ ಆಯ್ತು. ಆದ್ರೆ ಪೆಟ್ಟು ಬಿದ್ದಿದ್ದು ಇನ್ಶೂರೆನ್ಸ್ ಕಂಪನಿಗೆ, ರೇಟು ಏರಿಸ್ತಿದ್ದ ಆಸ್ಪತ್ರೆಗಲ್ಲ. ಆಮೇಲೆ 2012ರಲ್ಲಿ ಖರ್ಚಿಗೆ ಅಂತಾನೇ ಒಂದು ಕಾನೂನು ಮಾಡಿ ಹೆಲ್ತ್ ಪಾಲಿಸಿ ಕಮಿಷನ್ ತಂದ್ರು, ರಾಜ್ಯದ ಒಟ್ಟು ಆರೋಗ್ಯ ಖರ್ಚು ವರ್ಷಕ್ಕೆ 3.6 ಪರ್ಸೆಂಟಿಗಿಂತ ಜಾಸ್ತಿ ಏರಬಾರ್ದು ಅಂತ ಗುರಿ ಇಟ್ರು. ಗುರಿ ಮೀರಿದವರಿಗೆ ಏನು ಶಿಕ್ಷೆ? ಸುಧಾರಣಾ ಯೋಜನೆ ಬರ್ಕೊಡಿ ಅಂತ ಕಮಿಷನ್ ಕೇಳಬಹುದು. ಹಾಗೆ ಮೊದಲನೇ ಸಲ ಕೇಳಿದ್ದು 2022ರ ಜನವರಿಲಿ, ಮ್ಯಾಸ್ ಜನರಲ್ ಬ್ರಿಗಮ್‌ಗೆ. ಇನ್ಶೂರೆನ್ಸ್ ತಗೊಳ್ಳದ ಹುಡುಗನಿಗೆ ಮೊದಲ ವರ್ಷವೇ ದಂಡದ ಚೀಟಿ, ರೇಟು ಏರಿಸಿದ ಆಸ್ಪತ್ರೆಗೆ ಹತ್ತು ವರ್ಷ ಕಳೆದ ಮೇಲೆ ಒಂದು ಪತ್ರ.

ದೇಶಕ್ಕೆ ಹೋದ ಮೇಲೆ

2010ರ ಮಾರ್ಚ್‌ನಲ್ಲಿ ಇಡೀ ದೇಶಕ್ಕೆ ಅಂತ ಒಬಾಮಾ ಸಹಿ ಹಾಕಿದ ಹೆಲ್ತ್ ಇನ್ಶೂರೆನ್ಸ್ ಕಾನೂನು ಅಫೋರ್ಡಬಲ್ ಕೇರ್ ಆಕ್ಟ್‌ನ ಬೆನ್ನೆಲುಬು ಇದೇ ಮ್ಯಾಸಚೂಸೆಟ್ಸ್ ಮಾದರಿ. ತಮಾಷೆ ಅಂದ್ರೆ 2008ರಲ್ಲಿ ಪಕ್ಷದ ಅಭ್ಯರ್ಥಿ ಆರಿಸೋ ಪ್ರೈಮರಿಲಿ ಹಿಲರಿ ಕ್ಲಿಂಟನ್ ಮ್ಯಾಂಡೇಟ್ ಬೇಕು ಅಂತಿದ್ರೆ ಒಬಾಮಾ ಬೇಡ ಅಂತಿದ್ರು, ಗೆದ್ಮೇಲೆ ತಾವೇ ತಂದ್ರು. ಅತ್ಲಾಗೆ ಅದನ್ನ ಹುಟ್ಟಿಸಿದ ಹೆರಿಟೇಜ್ 2011ರ ಹೊತ್ತಿಗೆ ಕೋರ್ಟಲ್ಲಿ ಅದರ ವಿರುದ್ಧ ನಿಂತಿತ್ತು. ಪಾಪ ರಾಮ್ನಿ 2012ರ ಚುನಾವಣೆಲಿ, ರಾಜ್ಯ ಮಾಡಿದ್ರೆ ಸರಿ, ವಾಷಿಂಗ್ಟನ್ ಮಾಡಿದ್ರೆ ತಪ್ಪು ಅಂತ ವಿವರಿಸಿ ವಿವರಿಸಿ ಸುಸ್ತಾದ್ರು. ಆ ವಾದಕ್ಕೂ ಸಂವಿಧಾನದ ಬಲ ಇದೆ ಅನ್ನಿ, ರಾಜ್ಯಗಳಿಗಿರೋ ಅಧಿಕಾರ ಬೇರೆ, ಕೇಂದ್ರಕ್ಕಿರೋದು ಬೇರೆ. ಸುಪ್ರೀಂ ಕೋರ್ಟಲ್ಲಿ ಜಸ್ಟಿಸ್ ಸ್ಕಲಿಯಾ, ಹಾಗಾದ್ರೆ ಬ್ರೊಕಲಿ ಕೊಳ್ಳಿ ಅಂತಾನೂ ಕಡ್ಡಾಯ ಮಾಡಬಹುದಾ ಅಂತ ಕೇಳಿದ್ದು ಆಗಲೇ. 2012ರ ಜೂನ್ 28ಕ್ಕೆ 5-4ರಲ್ಲಿ ತೀರ್ಪು ಬಂತು, ವ್ಯಾಪಾರ ನಿಯಂತ್ರಿಸೋ ಅಧಿಕಾರದಲ್ಲಿ ಕೊಳ್ಳೋದನ್ನ ಕಡ್ಡಾಯ ಮಾಡೋ ಹಾಗಿಲ್ಲ, ಆದ್ರೆ ದಂಡನ ತೆರಿಗೆ ಅಂತ ನೋಡಿದ್ರೆ ನಿಲ್ಲತ್ತೆ ಅಂತ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದ್ರು.

2017ರ ಡಿಸೆಂಬರ್‌ನಲ್ಲಿ ಟ್ರಂಪ್ ತೆರಿಗೆ ಕಾನೂನು ಆ ಫೆಡರಲ್ ದಂಡನ 2019ರಿಂದ ಸೊನ್ನೆ ಮಾಡ್ತು. ಸಂಸತ್ತಿನ ಬಜೆಟ್ ಆಫೀಸು, ಇದರಿಂದ 2027ರ ಹೊತ್ತಿಗೆ 1.3 ಕೋಟಿ ಜನ ಇನ್ಶೂರೆನ್ಸಿಂದ ಹೊರಗೆ ಹೋಗ್ತಾರೆ ಅಂತ ಅಂದಾಜು ಮಾಡಿತ್ತು. ಆದ್ರೆ ಎಕ್ಸ್‌ಚೇಂಜ್‌ನಲ್ಲಿ (ಕನೆಕ್ಟರ್ ಥರದ್ದೇ ಮಾರಾಟದ ಕಟ್ಟೆ) ಪ್ಲಾನ್ ತಗೊಂಡವರು 2018ಕ್ಕೆ 1.18 ಕೋಟಿ, 2019ಕ್ಕೆ 1.14 ಕೋಟಿ. ಮಾರ್ಕೆಟ್ ಕುಸೀಲಿಲ್ಲ. ಮ್ಯಾಂಡೇಟ್ ಇಲ್ಲದಿದ್ರೆ ಎಲ್ಲ ಬಿದ್ದುಹೋಗತ್ತೆ ಅಂದವರಿಗೆ ಇದು ಮುಜುಗರ. ನಾನು ಇದನ್ನ ಹೇಗೆ ನೋಡ್ತೀನಿ ಅಂದ್ರೆ, ಸಬ್ಸಿಡಿ ಆದಾಯಕ್ಕೆ ಕಟ್ಟಿದ್ದಾದ್ರೆ ಪ್ರೀಮಿಯಂ ಏರಿದ್ರೂ ಸಬ್ಸಿಡಿ ಇರೋರ ಜೇಬಿಗೆ ಬೀಳಲ್ಲ, ಅವರು ನಿಲ್ತಾರೆ. ಮ್ಯಾಂಡೇಟ್ ಕೆಲಸ ಇರೋದು ಮಾರ್ಕೆಟ್ ಎದ್ದು ನಿಲ್ಲೋ ಹೊತ್ತಲ್ಲಿ, ಮತ್ತೆ ಸಬ್ಸಿಡಿ ಸಿಗದ ಮಧ್ಯಮ ವರ್ಗದ ಆರೋಗ್ಯವಂತರನ್ನ ಒಳಗಿಡೋದ್ರಲ್ಲಿ. ಕ್ಯಾಲಿಫೋರ್ನಿಯಾ, ನ್ಯೂ ಜೆರ್ಸಿ, ರೋಡ್ ಐಲೆಂಡ್ ತಮ್ಮ ತಮ್ಮ ಮ್ಯಾಂಡೇಟ್ ಮಾಡ್ಕೊಂಡ್ವು. ಮ್ಯಾಸಚೂಸೆಟ್ಸ್ ತನ್ನದನ್ನ ತೆಗೆದೇ ಇರ್ಲಿಲ್ಲ.

ಇಷ್ಟೆಲ್ಲ ಆಗಿ ಅಲ್ಲಿ ಇವತ್ತಿಗೂ ಇನ್ಶೂರೆನ್ಸ್ ಇಲ್ಲದವರು ದೇಶದಲ್ಲೇ ಕಮ್ಮಿ. ಆದ್ರೆ 2010ರಲ್ಲಿ ಕ್ಯಾಥೊಲಿಕ್ ಚರ್ಚಿನ ಆಸ್ಪತ್ರೆಗಳ ಸರಣಿಯೊಂದನ್ನ ಸರ್ಬೆರಸ್ ಅನ್ನೋ ಪ್ರೈವೇಟ್ ಈಕ್ವಿಟಿ ಕಂಪನಿ (ಹೂಡಿಕೆದಾರರ ದುಡ್ಡಲ್ಲಿ ಬೇರೆ ಕಂಪನಿ ಕೊಂಡು ಲಾಭಕ್ಕೆ ಮಾರೋರು) ಕೊಂಡು ಸ್ಟೀವರ್ಡ್ ಅಂತ ಹೆಸರಿಟ್ಟಿತ್ತು, 2016ರಲ್ಲಿ ಆಸ್ಪತ್ರೆ ಕಟ್ಟಡ, ಜಾಗನೆಲ್ಲ ಮಾರಿ ಅಲ್ಲೇ ಬಾಡಿಗೆಗೆ ಕೂತ್ರು, 2024ರಲ್ಲಿ ದಿವಾಳಿ. ಆ ವರ್ಷ ಆಗಸ್ಟ್ ಕೊನೆಗೆ ಡಾರ್ಚೆಸ್ಟರ್‌ನ ಕಾರ್ನಿ ಆಸ್ಪತ್ರೆ, ಏರ್ ಊರಿನ ನಶೋಬಾ ವ್ಯಾಲಿ ಆಸ್ಪತ್ರೆ ಬಾಗಿಲು ಹಾಕಿದ್ವು, ಅಲ್ಲಿ ಹೋಗ್ತಿದ್ದವರಲ್ಲಿ ಹೆಚ್ಚಿನವರ ಹತ್ರ ಇನ್ಶೂರೆನ್ಸ್ ಕಾರ್ಡ್ ಇತ್ತು. 2025ರ ಜನವರಿಲಿ ಗವರ್ನರ್ ಮೌರಾ ಹೀಲಿ ಹೊಸ ಕಾನೂನಿಗೆ ಸಹಿ ಹಾಕಿದ್ರು, ಪ್ರೈವೇಟ್ ಈಕ್ವಿಟಿಯವರು ಲೆಕ್ಕಪತ್ರ ಕೊಡಬೇಕು, ಮುಖ್ಯ ಕಟ್ಟಡವನ್ನ, ಕಟ್ಟಡ ಕೊಂಡು ಬಾಡಿಗೆಗೆ ಬಿಡೋ ರಿಯಲ್ ಎಸ್ಟೇಟ್ ಟ್ರಸ್ಟಿಂದ ಬಾಡಿಗೆಗೆ ತಗೊಂಡ ಹೊಸ ಆಸ್ಪತ್ರೆಗೆ ಲೈಸೆನ್ಸ್ ಇಲ್ಲ, ಇಂಥವು ಅದರಲ್ಲಿವೆ. ಮಾರೋರ ಕಡೆಗೂ ಒಂದಿಷ್ಟು ಕಡ್ಡಾಯ ಬಂತು ಅನ್ನೋದು ಒಳ್ಳೇದೇ, ಆದ್ರೆ ಒಂದು ಎಮ್‌ಆರ್‌ಐಗೆ ಯಾವ ಆಸ್ಪತ್ರೆ ಎಷ್ಟು ತಗೋಬಹುದು ಅನ್ನೋದು ಅದರಲ್ಲೂ ಇಲ್ಲ.